ದುಬೈ ಡೆಸರ್ಟ್ ಸಫಾರಿ: ದುಡ್ಡು ಕಟ್ಟುವ ಮುಂಚೆ ಏಜೆಂಟರನ್ನು ಕೇಳಬೇಕಾದ ಮಾತುಗಳು

ದಾವಣಗೆರೆ, ಚಿತ್ರದುರ್ಗದ ಟ್ರಾವೆಲ್ ಏಜೆಂಟರು ಕೊಡುವ ದುಬೈ ಪ್ಯಾಕೇಜಿನ ಹಾಳೆ ತೆಗೆದು ನೋಡಿ. ಒಂದು ಸಂಜೆಯ ಮುಂದೆ "ಡೆಸರ್ಟ್ ಸಫಾರಿ, ಬಾರ್ಬೆಕ್ಯೂ ಡಿನ್ನರ್ ಸಮೇತ" ಅಂತ ಒಂದೇ ಸಾಲು ಇರುತ್ತದೆ. ಆ ಒಂದು ಸಾಲಿನ ಅಡಿಯಲ್ಲಿ ಎರಡು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತವೆ. ಒಂದು, ಲ್ಯಾಂಡ್ ಕ್ರೂಸರ್ ಗಾಡಿಯಲ್ಲಿ ಮುಕ್ಕಾಲು ಗಂಟೆ ಕೆಂಪು ಮರಳಿನ ದಿಬ್ಬಗಳ ಮೇಲೆ ಏರಿ ಇಳಿದು (ಇದಕ್ಕೆ ಡ್ಯೂನ್ ಬ್ಯಾಶಿಂಗ್ ಅನ್ನುತ್ತಾರೆ), ಸೂರ್ಯ ಮುಳುಗುವುದನ್ನು ನೋಡಿ, ಆಮೇಲೆ ಕ್ಯಾಂಪಿಗೆ ಹೋಗುವುದು. ಇನ್ನೊಂದು, ದೊಡ್ಡ ಬಸ್ಸಿನಲ್ಲಿ ಡಾಂಬರು ರಸ್ತೆಯ ಮೇಲೇ ಕ್ಯಾಂಪಿನ ಬಾಗಿಲಿಗೆ ಹೋಗಿ, ಉಂಡು, ಕುಣಿತ ನೋಡಿ ವಾಪಸ್ ಬರುವುದು. ಮೊದಲನೆಯದಕ್ಕೆ ಕೊಟ್ಟ ದುಡ್ಡು ವಸೂಲಾಗುತ್ತದೆ. ಎರಡನೆಯದು ಅಗ್ಗ, ಆದರೆ ಅದರಲ್ಲಿ ಮರುಭೂಮಿ ಇರುವುದು ಕಿಟಕಿಯ ಆಚೆಗೆ ಮಾತ್ರ.

ಕ್ಯಾಂಪಿನ ಊಟ, ಕುಣಿತ, ಒಂಟೆ, ಮೆಹಂದಿ ಎಲ್ಲಾ ಕಂಪನಿಗಳಲ್ಲೂ ಹೆಚ್ಚು ಕಡಿಮೆ ಒಂದೇ ತರಹ. ಒಳ್ಳೆಯ ಸಫಾರಿಗೂ ಸಾಧಾರಣ ಸಫಾರಿಗೂ ವ್ಯತ್ಯಾಸ ಮಾಡುವುದು ಗಾಡಿ, ಡ್ರೈವರ್ ಮತ್ತು ಮರಳಿನ ಮೇಲೆ ಸಿಗುವ ಹೊತ್ತು. ಹಾಗಾಗಿ ಇಲ್ಲೂ ಹೆಚ್ಚಿನ ಮಾತು ಗಾಡಿಯ ಬಗ್ಗೆಯೇ ಇದೆ.

ಮೊದಲು ದರ. ಒಂದು ದಿರ್ಹಮ್ ಅಂದರೆ ಸುಮಾರು 24-25 ರೂಪಾಯಿ. ಬೇರೆಯವರ ಜೊತೆ ಗಾಡಿ ಹಂಚಿಕೊಂಡರೆ ತಲೆಗೆ 100ರಿಂದ 200 ದಿರ್ಹಮ್ ಆಗುತ್ತದೆ. ಇಡೀ ಗಾಡಿ ನಿಮ್ಮ ಮನೆಯವರಿಗೇ ಬೇಕೆಂದರೆ 600ರಿಂದ ಮೇಲೆ. ಇದಕ್ಕಿಂತ ತೀರಾ ಕಡಿಮೆ ದರ ಹೇಳಿದರೆ "ಡ್ಯೂನ್ ಬ್ಯಾಶಿಂಗ್ ಇದೆಯಾ, ಎಷ್ಟು ನಿಮಿಷ, ಬಸ್ಸಾ ಜೀಪಾ" ಅಂತ ಮೂರೇ ಪ್ರಶ್ನೆ ಕೇಳಿ, ವಾಟ್ಸಾಪಿನಲ್ಲಿ ಬರೆದೇ ಉತ್ತರ ತರಿಸಿಕೊಳ್ಳಿ. ಹೇಳಿದ ದರದಲ್ಲಿ 5 ಪರ್ಸೆಂಟ್ ವ್ಯಾಟ್ ಸೇರಿದೆಯೋ ಇಲ್ಲವೋ ಅದನ್ನೂ ಕೇಳಿ. ಆರು ಜನರ ಕುಟುಂಬವಾದರೆ ಇಡೀ ಗಾಡಿ ತೆಗೆದುಕೊಳ್ಳುವುದೇ ಲೇಸು. ತಲೆಗೆ ಬೀಳುವ ಖರ್ಚಿನಲ್ಲಿ ಅಂಥಾ ಅಂತರ ಇರುವುದಿಲ್ಲ, ಯಾರಿಗಾದರೂ ತಲೆ ಸುತ್ತಿದರೆ ಗಾಡಿ ನಿಲ್ಲಿಸಿ ಅನ್ನುವ ಹಕ್ಕೂ ನಿಮ್ಮದೇ ಆಗಿರುತ್ತದೆ. ಹಂಚಿಕೆಯ ಗಾಡಿಯಲ್ಲಿ ಒಬ್ಬರಿಗಾಗಿ ನಿಲ್ಲಿಸಿದರೆ ಉಳಿದ ಐವರ ಆಟ ಕೆಡುತ್ತದೆ, ಡ್ರೈವರ್ ಕೂಡ ಮನಸ್ಸು ಮಾಡುವುದಿಲ್ಲ.

ಯಾವ ಮರಳಿಗೆ ಕರೆದುಕೊಂಡು ಹೋಗುತ್ತಾರೆ ಎನ್ನುವುದು ಇನ್ನೊಂದು ಪ್ರಶ್ನೆ. ದುಬೈನಿಂದ ಹತ್ತಾ ಅನ್ನುವ ಊರಿನ ಕಡೆ ಹೋಗುವ ಇ-44 ರಸ್ತೆಯ ಮಗ್ಗುಲಲ್ಲಿ ಲಹಬಾಬ್ ಅನ್ನುವ ಜಾಗ ಇದೆ. ಊರಿನಿಂದ 45 ನಿಮಿಷ, ಒಂದು ಗಂಟೆ ದಾರಿ. ಇಲ್ಲಿಯ ಮರಳು ಕೆಂಪು. ಕಣಗಳ ಮೇಲೆ ಕಬ್ಬಿಣದ ಆಕ್ಸೈಡಿನ ತೆಳು ಲೇಪ ಇರುವುದೇ ಇದಕ್ಕೆ ಕಾರಣ, ಇಳಿಬಿಸಿಲಿನಲ್ಲಿ ಆ ಬಣ್ಣ ಇನ್ನೂ ಗಾಢವಾಗುತ್ತದೆ. ದಿಬ್ಬಗಳೂ ಎತ್ತರ. ಫೋಟೋಗಳಲ್ಲಿ ಕಾಣುವ ಕೆಂಪು ಮರಳು ಬೇಕೆಂದರೆ "ಲಹಬಾಬ್ ರೆಡ್ ಡ್ಯೂನ್ಸ್" ಅಂತ ಹೆಸರು ಹಿಡಿದೇ ಕೇಳಿ. ಊರಿಗೆ ಹತ್ತಿರದ ಕೆಲವು ಕಡೆ ಮರಳು ತಿಳಿ ಹಳದಿ, ದಿಬ್ಬಗಳು ಗಿಡ್ಡ, ಏರಿಳಿತದ ಮಜಾ ಅರ್ಧಕ್ಕರ್ಧ ಕಡಿಮೆ.

ಗಾಡಿಯ ಅಬ್ಬರ ಬೇಡ, ಪ್ರಾಣಿ ಪಕ್ಷಿ ನೋಡಬೇಕು ಅನ್ನುವವರಿಗೆ ದುಬೈ ಮರುಭೂಮಿ ಸಂರಕ್ಷಣಾ ಪ್ರದೇಶ ಇದೆ. 2003ರಲ್ಲಿ ಆದದ್ದು, 225 ಚದರ ಕಿಲೋಮೀಟರ್ ವಿಸ್ತಾರ. ಅಲ್ಲಿಗೆ ಪ್ರವೇಶ ಇರುವುದು ಕೆಲವೇ ಕಂಪನಿಗಳಿಗೆ. ಬಿಳಿ ಮೈಯ, ಉದ್ದ ಕೊಂಬಿನ ಅರೇಬಿಯನ್ ಓರಿಕ್ಸ್ ಜಿಂಕೆಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ದರ ಮಾಮೂಲಿ ಸಫಾರಿಯ ಎರಡು ಮೂರು ಪಟ್ಟು. ವಯಸ್ಸಾದ ತಂದೆತಾಯಿಗಳನ್ನು ಕರೆದುಕೊಂಡು ಹೋಗುವವರು ದುಬಾರಿಯಾದರೂ ಒಮ್ಮೆ ಯೋಚಿಸಬೇಕಾದ ಆಯ್ಕೆ ಇದು.

ಗಾಡಿ, ಗಾಳಿ, ಮರಳು

ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯೊಳಗೆ ಹೋಟೆಲಿನಿಂದ ಹತ್ತಿಸಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಐದೂವರೆಗೆಲ್ಲಾ ಮುಳುಗಿಬಿಡುತ್ತಾನೆ, ಜೂನಿನಲ್ಲಿ ಏಳು ದಾಟುತ್ತದೆ. ಚಳಿಗಾಲದಲ್ಲಿ ಮೂರೂವರೆಗೆ ಹತ್ತಿಸಿಕೊಂಡು, ಇನ್ನೂ ಮೂರು ಹೋಟೆಲ್ ಸುತ್ತಿ ಜನ ತುಂಬಿಕೊಂಡು ಹೊರಟರೆ ದಿಬ್ಬಗಳ ಹತ್ತಿರ ಬರುವಾಗ ಕತ್ತಲು ಕವಿಯುತ್ತದೆ. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗುವವರು ಎರಡೂವರೆಗೇ ಬನ್ನಿ ಅಂತ ಹಟ ಹಿಡಿಯಬೇಕು.

ಡಾಂಬರು ಮುಗಿದು ಮರಳು ಶುರುವಾಗುವ ಕಡೆ ಗಾಡಿ ನಿಲ್ಲುತ್ತದೆ. ಡ್ರೈವರ್ ಮಂಡಿಯೂರಿ ಕೂತು ಒಂದೊಂದೇ ಚಕ್ರದ ವಾಲ್ವ್ ಒತ್ತಿ ಗಾಳಿ ಬಿಡುತ್ತಾನೆ. ನಡುನಡುವೆ ಗೇಜ್ ಹಚ್ಚಿ ನೋಡುತ್ತಾನೆ, ಮತ್ತೆ ಒತ್ತುತ್ತಾನೆ. ಹೆದ್ದಾರಿಯಲ್ಲಿ 35 ಪಿಎಸ್‌ಐ ಆಸುಪಾಸಿನಲ್ಲಿದ್ದ ಗಾಳಿ 15ರ ಹತ್ತಿರಕ್ಕೆ ಇಳಿಯುತ್ತದೆ. ಗಾಳಿ ಕಡಿಮೆಯಾದಾಗ ಟೈರ್ ಚಪ್ಪಟೆಯಾಗಿ, ನೆಲಕ್ಕೆ ತಾಗುವ ಭಾಗ ಉದ್ದವಾಗುತ್ತದೆ. ಎರಡೂವರೆ ಟನ್ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುವುದರಿಂದ ಚಕ್ರ ಮರಳನ್ನು ತೋಡುವ ಬದಲು ಮೇಲೆ ತೇಲಿಕೊಂಡು ಹೋಗುತ್ತದೆ. ಇದರಲ್ಲಿ ಅಪಾಯವೂ ಇದೆ. ಗಾಳಿ ಇಳಿದ ಟೈರಿನಲ್ಲಿ ಜೋರಾಗಿ ಹೋಗುತ್ತಾ ಒಮ್ಮೆಲೇ ಸ್ಟಿಯರಿಂಗ್ ತಿರುಗಿಸಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಹಾಗೆಯೇ ಈ ಗಾಳಿಯಲ್ಲೇ ಹೆದ್ದಾರಿಗೆ ಇಳಿದರೆ ಟೈರ್ ಕಾದು ಒಡೆಯಬಹುದು. ಆದ್ದರಿಂದ ವಾಪಸ್ ಬರುವಾಗ ರಸ್ತೆ ಬದಿಯ ಕಂಪ್ರೆಸರ್ ಹತ್ತಿರ ಮತ್ತೆ ಗಾಳಿ ತುಂಬಿಸುತ್ತಾರೆ. ಡ್ರೈವರ್ ಹೋಗುವಾಗ ಗಾಳಿ ಬಿಡದಿದ್ದರೂ, ಬರುವಾಗ ತುಂಬಿಸದಿದ್ದರೂ ಬಾಯಿಬಿಟ್ಟು ಕೇಳಿ.

ಅದೇ ಹೊತ್ತಿನಲ್ಲಿ ನೀವು ಮಾಡಬೇಕಾದ ತಪಾಸಣೆ ಮೂರಿದೆ. ಸೀಟಿನ ಮೇಲ್ಗಡೆ, ಮಗ್ಗುಲಲ್ಲಿ ಕಬ್ಬಿಣದ ಕೊಳವೆಗಳ ರೋಲ್ ಕೇಜ್ ಇದೆಯಾ ನೋಡಿ. ಗಾಡಿ ಮಗುಚಿದರೆ ಮೇಲ್ಛಾವಣಿ ಕುಸಿಯದಂತೆ ತಡೆಯುವುದು ಅದು. ಪ್ರತಿ ಸೀಟಿನ ಬೆಲ್ಟ್ ಎಳೆದು, ಲಾಕ್ ಆಗುತ್ತದಾ ನೋಡಿ. ಹಿಂದಿನ ಸಾಲಿನ ಬೆಲ್ಟು ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಹೊರಡುವ ಮುಂಚೆಯೇ ತೆಗೆಸಿಕೊಳ್ಳಿ. ಮೂರನೆಯದಾಗಿ, ನೀರಿನ ಬಾಟಲಿಗಳನ್ನು ಕಾಲ ಬುಡದಲ್ಲಿ ಇಡಬೇಡಿ. ಇಳಿಜಾರಿನಲ್ಲಿ ಬಾಟಲಿ ಉರುಳಿಕೊಂಡು ಮುಂದೆ ಬಂದು ಬ್ರೇಕ್ ಪೆಡಲಿನ ಕೆಳಗೆ ಸೇರಿದರೆ ದೊಡ್ಡ ಅನಾಹುತ. ಬಾಗಿಲಿನ ಜೇಬಿನಲ್ಲೋ ಹಿಂದಿನ ಡಿಕ್ಕಿಯಲ್ಲೋ ಇಡಿ.

ಗಾಡಿಯಲ್ಲಿ ಆರು ಜನ ಪ್ರಯಾಣಿಕರು: ಮುಂದೆ ಒಬ್ಬರು, ನಡುವೆ ಮೂವರು, ಹಿಂದೆ ಇಬ್ಬರು. ಎಲ್ಲಾ ಸೀಟೂ ಒಂದೇ ಅಲ್ಲ. ಕೊನೆಯ ಸಾಲು ಹಿಂಚಕ್ರದ ಅಚ್ಚಿನ ಮೇಲೆ ಅಥವಾ ಅದಕ್ಕೂ ಹಿಂದೆ ಬರುವುದರಿಂದ ಎತ್ತಿ ಕುಕ್ಕುವುದು ಅಲ್ಲೇ ಹೆಚ್ಚು. ಎತ್ತರದ ಆಳಿಗೆ ತಲೆ ಮೇಲಕ್ಕೆ ಬಡಿಯುತ್ತದೆ, ಮುಂದೇನು ಬರುತ್ತಿದೆ ಅಂತ ಕಾಣುವುದೂ ಇಲ್ಲ. ಬೇಗ ವಾಕರಿಕೆ ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ಕಣ್ಣು ನೋಡುವುದಕ್ಕೂ ತಾಳೆಯಾಗದಿದ್ದಾಗಲೇ ವಾಕರಿಕೆ ಬರುವುದು. ಮುಂದೆ ಕೂತು ದೂರದ ದಿಗಂತ ನೋಡುತ್ತಿದ್ದರೆ ಎರಡೂ ತಾಳೆಯಾಗುತ್ತವೆ. ಮೊಬೈಲ್ ಪರದೆ ನೋಡುತ್ತಾ ವಿಡಿಯೋ ಮಾಡಿದವರಿಗೆ ಮೊದಲು ವಾಂತಿ ಬರುವುದೂ ಇದೇ ಕಾರಣಕ್ಕೆ. ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗ ಹೊಟ್ಟೆ ತೊಳಸುವವರಿಗೆ ಇಲ್ಲಿ ಖಂಡಿತಾ ತೊಳಸುತ್ತದೆ. ಅಂಥವರು ವೈದ್ಯರನ್ನು ಕೇಳಿ ವಾಂತಿ ತಡೆಯುವ ಮಾತ್ರೆಯನ್ನು ದಿಬ್ಬ ಹತ್ತುವ ಅರ್ಧ ಗಂಟೆ, ಒಂದು ಗಂಟೆ ಮುಂಚೆಯೇ ನುಂಗಬೇಕು. ವಾಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮಧ್ಯಾಹ್ನದ ಊಟ ಹನ್ನೆರಡೂವರೆಯೊಳಗೆ ಮುಗಿಸಿ, ಕಮ್ಮಿ ತಿನ್ನಿ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ.

ಇನ್ನು ಮರಳಿನ ಮೇಲೆ ಆಗುವುದೇನು? ಮರಳು ದಿಬ್ಬಕ್ಕೆ ಎರಡು ಮುಖ. ಗಾಳಿ ಬೀಸುವ ಕಡೆಯ ಇಳಿಜಾರು ನಿಧಾನ, ಮರಳೂ ಅಲ್ಲಿ ಗಟ್ಟಿ. ಗಾಳಿಮರೆಯ ಕಡೆ ಇಳಿಜಾರು ಕಡಿದು, ಸುಮಾರು 30ರಿಂದ 34 ಡಿಗ್ರಿ, ಮರಳು ಸಡಿಲ. ಡ್ರೈವರ್ ಗಟ್ಟಿ ಮುಖದಿಂದ ಏರಿ, ನೆತ್ತಿಯಲ್ಲಿ ವೇಗ ಇಳಿಸಿ, ಸಡಿಲ ಮುಖದಲ್ಲಿ ಮೂತಿ ನೇರ ಕೆಳಗೆ ಮಾಡಿ ಜಾರಿಸುತ್ತಾನೆ. ನೆತ್ತಿ ದಾಟುವ ಆ ಕ್ಷಣದಲ್ಲೇ ಅವನ ಕೈಚಳಕ ಗೊತ್ತಾಗುವುದು. ವೇಗ ಜಾಸ್ತಿಯಾದರೆ ಗಾಡಿ ಗಾಳಿಗೆ ಹಾರಿ ಮೂತಿ ಕುಟ್ಟಿಕೊಳ್ಳುತ್ತದೆ, ಕೂತವರ ಬೆನ್ನುಮೂಳೆಗೆ ಪೆಟ್ಟು. ಕಡಿಮೆಯಾದರೆ ಗಾಡಿಯ ಹೊಟ್ಟೆ ನೆತ್ತಿಯ ಮೇಲೆ ಕೂತು, ನಾಲ್ಕೂ ಚಕ್ರ ಸುಮ್ಮನೆ ತಿರುಗುತ್ತವೆ. ಏರುವಾಗ ಅರ್ಧದಲ್ಲಿ ಕಸುವು ಸಾಲದೆ ನಿಂತರೆ ಬಂದ ಗೆರೆಯಲ್ಲೇ ನೇರ ರಿವರ್ಸ್ ಇಳಿಯಬೇಕು. ಅಲ್ಲೇ ಅಡ್ಡ ತಿರುಗಿಸಲು ಹೋದಾಗಲೇ ಗಾಡಿಗಳು ಮಗುಚುವುದು. ಒಳ್ಳೆಯ ಡ್ರೈವರ್ ಅಡ್ಡ ಇಳಿಜಾರಿನಲ್ಲಿ ಮರಳು ಚಿಮ್ಮಿಸುತ್ತಾ ಹೋದರೂ ಗಾಡಿ ವಾಲಿದ ಕಡೆಗೇ, ಅಂದರೆ ಕೆಳಮುಖಕ್ಕೇ ಸ್ಟಿಯರಿಂಗ್ ತಿರುಗಿಸಿ ಸರಿಪಡಿಸುತ್ತಾನೆ.

ಗಾಡಿ ಹೂತುಕೊಳ್ಳುವುದು ಮಾಮೂಲು, ಗಾಬರಿ ಬೇಡ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಇನ್ನೂ ಆಳಕ್ಕೆ ಇಳಿಯುತ್ತದೆ ಅಂತ ಗೊತ್ತಿರುವ ಡ್ರೈವರ್ ತಕ್ಷಣ ಕಾಲು ತೆಗೆಯುತ್ತಾನೆ. ಚಕ್ರದ ಮುಂದಿನ, ಹಿಂದಿನ ಮರಳು ತೋಡಿ, ಗಾಳಿ ಇನ್ನಷ್ಟು ಇಳಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯುತ್ತಾನೆ. ಆಗದಿದ್ದರೆ ಇನ್ನೊಂದು ಗಾಡಿ ಹಗ್ಗ ಕಟ್ಟಿ ಎಳೆಯುತ್ತದೆ. ಈ ಹೊತ್ತಿನಲ್ಲಿ ಇಳಿಯಲು ಹೇಳಿದರೆ ದಿಬ್ಬದ ಮೇಲ್ಮುಖದ ಬಾಗಿಲಿನಿಂದ ಇಳಿದು ದೂರ ನಿಲ್ಲಿ. ಎಳೆಯುವ ಹಗ್ಗದ ಹತ್ತಿರ ಮಾತ್ರ ಯಾರೂ ನಿಲ್ಲಬಾರದು, ಮಕ್ಕಳನ್ನಂತೂ ಕೈ ಹಿಡಿದೇ ದೂರ ಇಟ್ಟುಕೊಳ್ಳಿ. ತುಂಡಾದ ಹಗ್ಗ ಚಾಟಿ ಬೀಸಿದ ಹಾಗೆ ಬರುತ್ತದೆ. ಗಾಡಿಗಳು ಗುಂಪಾಗಿ ಹೋಗಬೇಕೆನ್ನುವುದೂ ಇದಕ್ಕೇ. ಒಂಟಿ ಗಾಡಿಯಲ್ಲಿ ಒಳಕ್ಕೆ ಹೋಗುವ ಕಂಪನಿ ಬೇಡ.

ಈ ಓಟ ಎಷ್ಟು ಹೊತ್ತು? ಅಗ್ಗದ ಪ್ಯಾಕೇಜಿನಲ್ಲಿ 15-20 ನಿಮಿಷ, ಒಳ್ಳೆಯದರಲ್ಲಿ 40-45. ಅದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ. ಮುಕ್ಕಾಲು ಗಂಟೆಯ ಮೇಲೆ ಮೈ ಒಪ್ಪುವುದಿಲ್ಲ.

ಗರ್ಭಿಣಿಯರು, ಬೆನ್ನು ಕತ್ತಿನ ಡಿಸ್ಕ್ ತೊಂದರೆ ಇರುವವರು, ಹೃದಯದ ಕಾಯಿಲೆಯವರು, ಇತ್ತೀಚೆಗೆ ಕಣ್ಣಿನ ಪೊರೆ ಅಥವಾ ಬೇರೆ ಆಪರೇಷನ್ ಆದವರು, ಮೂರು ವರ್ಷದೊಳಗಿನ ಮಕ್ಕಳು ಈ ಓಟಕ್ಕೆ ಹತ್ತಲೇಬಾರದು. ನಿಧಾನವಾಗಿ ಓಡಿಸ್ತೀವಿ ಬನ್ನಿ ಅಂದರೂ ಒಪ್ಪಬೇಡಿ. ಮರಳಿನಲ್ಲಿ ನಿಧಾನ ಓಡಿಸಿದರೆ ಗಾಡಿ ಹೂತುಕೊಳ್ಳುತ್ತದೆ, ಹಾಗಾಗಿ ಆ ಮಾತು ಉಳಿಯುವುದಿಲ್ಲ. ಅಂಥವರನ್ನು ನೇರ ಕ್ಯಾಂಪಿಗೆ ತಲುಪಿಸುವ ವ್ಯವಸ್ಥೆ ಮಾಡಿಸಿ. ಇದನ್ನು ಬುಕ್ ಮಾಡುವಾಗಲೇ ಹೇಳಬೇಕು, ಏಕೆಂದರೆ ಕೆಲವು ಕ್ಯಾಂಪಿಗೆ ಮಾಮೂಲಿ ಕಾರು ಹೋಗುವ ದಾರಿಯೇ ಇರುವುದಿಲ್ಲ.

ನಿಲ್ದಾಣದ ವ್ಯಾಪಾರ, ಮತ್ತೆ ಬೈಕು

ಗಾಳಿ ಬಿಡುವ ಜಾಗದಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆ ನಿಲ್ಲಿಸುತ್ತಾರೆ. ತಲೆಗೆ ಅರಬ್ಬರ ರುಮಾಲು ಸುತ್ತಿ "ಫ್ರೀ ಫೋಟೋ" ಅನ್ನುತ್ತಾರೆ, ಆಮೇಲೆ ರುಮಾಲಿನ ದರ ಹೇಳುತ್ತಾರೆ. ಬೇಕೆಂದರೆ ಮೊದಲೇ ಊರೊಳಗೆ, ದೇರಾ ಕಡೆಯ ಅಂಗಡಿಯಲ್ಲಿ ಕೊಂಡರೆ ಅರ್ಧ ದರಕ್ಕೂ ಕಡಿಮೆಗೆ ಸಿಗುತ್ತದೆ. ಬೇಡವಾದರೆ ಸುತ್ತಿಸಿಕೊಳ್ಳಲೇಬೇಡಿ.

ನಾಲ್ಕು ಚಕ್ರದ ಕ್ವಾಡ್ ಬೈಕ್ ಮತ್ತು ಡ್ಯೂನ್ ಬಗ್ಗಿ ಅನ್ನುವ ಪಂಜರದಂಥ ಪುಟ್ಟ ಗಾಡಿಗೆ ಬೇರೆ ದುಡ್ಡು. ಕ್ವಾಡ್ ಬೈಕ್ ಅರ್ಧ ಗಂಟೆಗೆ 150 ದಿರ್ಹಮ್ ಮೇಲೆ, ಬಗ್ಗಿ ಅದಕ್ಕಿಂತ ತುಂಬಾ ಹೆಚ್ಚು. ಕೆಲವು ಪ್ಯಾಕೇಜಿನಲ್ಲಿ ಕ್ವಾಡ್ ಬೈಕ್ ಸೇರಿದೆ ಅನ್ನುತ್ತಾರೆ. ಅಲ್ಲಿ ಹೋಗಿ ನೋಡಿದರೆ ಬೇಲಿ ಹಾಕಿದ ಸಪಾಟು ಜಾಗದಲ್ಲಿ ಹತ್ತು ನಿಮಿಷ ಸುತ್ತು ಹೊಡೆಸುತ್ತಾರೆ. ಹೊರಗಿನ ದಿಬ್ಬಗಳಲ್ಲಾ, ಬೇಲಿಯ ಒಳಗಾ ಅಂತ ಕೇಳಿಯೇ ದುಡ್ಡು ಕೊಡಿ. ಊರಲ್ಲಿ ಬುಲೆಟ್ ಓಡಿಸುವವರಿಗೂ ಕ್ವಾಡ್ ಬೈಕ್ ಹೊಸದೇ. ಬೈಕಿನ ಹಾಗೆ ಮೈ ವಾಲಿಸಿದರೆ ಇದು ತಿರುಗುವುದಿಲ್ಲ, ಹ್ಯಾಂಡಲ್ ತಿರುಗಿಸಬೇಕು, ಭಾರವನ್ನು ಇಳಿಜಾರಿನ ಮೇಲ್ಮುಖಕ್ಕೆ ಹಾಕಬೇಕು. ಅಡ್ಡ ಇಳಿಜಾರಿನಲ್ಲಿ ಹೋಗುವುದು, ಆಚೆ ಏನಿದೆ ಎಂದು ಕಾಣದೆ ನೆತ್ತಿಯನ್ನು ಜೋರಾಗಿ ದಾಟುವುದು, ಇವೆರಡರಲ್ಲೇ ಬೀಳುವುದು. ಬಿದ್ದರೆ 200 ಕಿಲೋ ಮೀರಿದ ಬೈಕು ಮೈಮೇಲೆ ಬರುತ್ತದೆ. ಹೆಲ್ಮೆಟ್ಟಿನ ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿ ಕೂರದಿದ್ದರೆ ಬೇರೆ ಕೇಳಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಹಿಂದೆ ಇನ್ನೊಬ್ಬರನ್ನು, ಅದರಲ್ಲೂ ಮಗುವನ್ನು ಕೂರಿಸಿಕೊಳ್ಳಬೇಡಿ. ಇಬ್ಬರೂ ಹೋಗಲೇಬೇಕು ಅಂದರೆ ಬೆಲ್ಟು, ಪಂಜರ ಎರಡೂ ಇರುವ ಬಗ್ಗಿಯೇ ಸರಿ. ಗಾಡಿಗೆ ಏನಾದರೂ ಆದರೆ ಯಾರು ಕೊಡಬೇಕು ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಓದಿ ಸಹಿ ಹಾಕಿ. ಹೊರಡುವ ಮುಂಚೆ ಬೈಕಿನ ನಾಲ್ಕೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ.

ಸ್ಯಾಂಡ್ ಬೋರ್ಡಿಂಗಿಗೆ, ಅಂದರೆ ಹಲಗೆಯ ಮೇಲೆ ದಿಬ್ಬದಿಂದ ಜಾರುವ ಆಟಕ್ಕೆ ಬೇರೆ ದುಡ್ಡಿಲ್ಲ, ಮಕ್ಕಳಿಗೆ ಇದೇ ಹೆಚ್ಚು ಹಿಡಿಸುವುದು. ಹಲಗೆಯ ತಳಕ್ಕೆ ಮೇಣ ಸವರದಿದ್ದರೆ ಜಾರುವುದಿಲ್ಲ. ಮೊದಲ ಸಲ ಕೂತೇ ಇಳಿಯಿರಿ. ಭಾರ ಹಿಂದಕ್ಕೆ ಇರಲಿ, ಮುಂದಕ್ಕೆ ಬಾಗಿದರೆ ಹಲಗೆಯ ಮೂತಿ ಹೂತು ಮುಗ್ಗರಿಸುತ್ತೀರಿ. ಇಳಿಯುವುದು ಹತ್ತು ಸೆಕೆಂಡು, ಮತ್ತೆ ಹತ್ತುವುದು ಮಾತ್ರ ಐದು ನಿಮಿಷ. ಚಿತ್ರದುರ್ಗದ ಕೋಟೆ ಹತ್ತಿ ಇಳಿದ ಕಾಲುಗಳಿಗೂ ಮರಳು ಹತ್ತುವುದು ಬೇರೆಯೇ ಕೆಲಸ, ಇಟ್ಟ ಹೆಜ್ಜೆ ಅರ್ಧ ಹಿಂದಕ್ಕೇ ಜಾರುತ್ತದೆ. ಮೊಬೈಲನ್ನು ಜಿಪ್ ಇರುವ ಜೇಬಿನಲ್ಲಿಡಿ. ಮರಳಿಗೆ ಬಿದ್ದ ಮೊಬೈಲ್ ಸಿಗುವುದು ಕಷ್ಟ, ಸಿಕ್ಕರೂ ಚಾರ್ಜಿಂಗ್ ತೂತಿನಲ್ಲಿ ಮರಳು ತುಂಬಿರುತ್ತದೆ. ಕ್ಯಾಮೆರಾ ಇದ್ದವರು ಅಲ್ಲಿ ಲೆನ್ಸ್ ಬದಲಿಸಬೇಡಿ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವುದು ಅಲ್ಲಿ ಅಪರಾಧ.

ಕ್ಯಾಂಪು

ಒಂಟೆ ಸವಾರಿ ಎರಡು ಮೂರು ನಿಮಿಷ, ಸಾಲಿನಲ್ಲಿ ನಿಲ್ಲುವುದೇ ಅದಕ್ಕಿಂತ ಹೆಚ್ಚು. ತಿಳಿದಿರಬೇಕಾದದ್ದು ಒಂದೇ: ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂರುವಾಗ ಮುಂಗಾಲು ಮೊದಲು ಮಡಿಸುತ್ತದೆ. ಎರಡು ಸಲವೂ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ, ಆದ್ದರಿಂದ ಎರಡು ಸಲವೂ ಹಿಂದಕ್ಕೆ ವಾಲಿ ಹಿಡಿಕೆ ಗಟ್ಟಿ ಹಿಡಿಯಬೇಕು. ಹೆಂಗಸರಿಗೆ ಸೀರೆಗಿಂತ ಚೂಡಿದಾರ ಅನುಕೂಲ. ಶೂ ಬೇಡ, ಒಳಗೆ ಮರಳು ತುಂಬುತ್ತದೆ, ಪಟ್ಟಿ ಇರುವ ಚಪ್ಪಲಿ ಸಾಕು. ಮೆಹಂದಿ ಹಾಕಿಸಿಕೊಳ್ಳುವವರು ಕಂದು ಬಣ್ಣದ್ದು ಮಾತ್ರ ಹಾಕಿಸಿಕೊಳ್ಳಿ. ಐದೇ ನಿಮಿಷದಲ್ಲಿ ಕಪ್ಪಾಗಿ ಹತ್ತುವ ಮೆಹಂದಿಯಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಪಿಪಿಡಿ ರಾಸಾಯನಿಕ ಇರುತ್ತದೆ, ಚರ್ಮ ಬೊಬ್ಬೆ ಏಳಬಹುದು. ಗಿಡುಗವನ್ನು ಕೈಮೇಲೆ ಕೂರಿಸಿ ಫೋಟೋ ತೆಗೆಯಲು ಬೇರೆ ದುಡ್ಡು ಕೇಳುತ್ತಾರೆ.

ಒಳಗೆ ಹೋದ ಕೂಡಲೇ ಖರ್ಜೂರ ಮತ್ತು ಗಹ್ವಾ ಕೊಡುತ್ತಾರೆ. ಗಹ್ವಾ ಅಂದರೆ ಏಲಕ್ಕಿ ಹಾಕಿದ, ಸಕ್ಕರೆ ಇಲ್ಲದ ತಿಳಿ ಕಾಫಿ, ಪುಟ್ಟ ಬಟ್ಟಲಿನಲ್ಲಿ. ಹಾಲು ಸಕ್ಕರೆಯ ಕಾಫಿ ಕುಡಿದ ನಾಲಿಗೆಗೆ ಮೊದಲ ಗುಟುಕು ಕಹಿ. ಖರ್ಜೂರ ಕಚ್ಚಿಕೊಂಡು ಕುಡಿದರೆ ಅದರ ರುಚಿ ತಿಳಿಯುತ್ತದೆ. ಸಾಕು ಅನ್ನುವುದಕ್ಕೆ ಬಟ್ಟಲನ್ನು ಆ ಕಡೆ ಈ ಕಡೆ ಸ್ವಲ್ಪ ಅಲ್ಲಾಡಿಸಿ ಕೊಡುವುದು ಅಲ್ಲಿಯ ಪದ್ಧತಿ. ಸುಮ್ಮನೆ ಹಿಂತಿರುಗಿಸಿದರೆ ಮತ್ತೆ ಸುರಿಯುತ್ತಾರೆ. ಬಿಸಿಬಿಸಿ ಲುಗೈಮಾತ್ ಕರಿಯುತ್ತಿದ್ದರೆ ಬಿಡಬೇಡಿ: ಹುದುಗು ಬಂದ ಮೈದಾ ಹಿಟ್ಟಿನ ಪುಟ್ಟ ಉಂಡೆ, ಮೇಲೆ ಖರ್ಜೂರದ ಪಾಕ. ಇಡೀ ಊಟದಲ್ಲಿ ನಮ್ಮ ಪ್ರಕಾರ ಅತ್ಯುತ್ತಮ ತಿನಿಸು ಇದೇ, ಅದೂ ಎಣ್ಣೆಯಿಂದ ತೆಗೆದ ಎರಡು ನಿಮಿಷದೊಳಗೆ ತಿಂದರೆ.

ಊಟ ಶುರುವಾಗುವುದು ಏಳೂವರೆ, ಎಂಟಕ್ಕೆ. ನಮ್ಮ ಗಡಿಯಾರದಲ್ಲಿ ಅದು ಒಂಬತ್ತು, ಒಂಬತ್ತೂವರೆ. ಮಕ್ಕಳು ಅಷ್ಟರಲ್ಲಿ ಹಸಿದು ಅಳುತ್ತಾರೆ. ನರ್ಗಿಸ್ ಮಂಡಕ್ಕಿಯದೋ ಚಕ್ಕುಲಿಯದೋ ಒಂದು ಪೊಟ್ಟಣ ಕೈಚೀಲದಲ್ಲಿ ಇರಲಿ. ಸಸ್ಯಾಹಾರಿಗಳಿಗೆ ಉಪವಾಸ ಬೀಳುವ ಪರಿಸ್ಥಿತಿ ಇಲ್ಲ. ಕಡಲೆ ರುಬ್ಬಿ ಎಳ್ಳು ಸೇರಿಸಿದ ಹಮ್ಮುಸ್, ಸುಟ್ಟ ಬದನೆಕಾಯಿಯ ಮುತಬ್ಬಲ್, ಖುಬ್ಜ್ ರೊಟ್ಟಿ, ಕಡಲೆಯ ಫಲಾಫೆಲ್, ಕೊತ್ತಂಬರಿಯಂಥ ಪಾರ್ಸ್ಲಿ ಸೊಪ್ಪಿನ ತಬ್ಬೂಲೆ, ಮೇಲೆ ದಾಲ್, ಅನ್ನ, ತರಕಾರಿ ಪಲ್ಯ ಇರುತ್ತವೆ. ದಾಲ್, ಪಲ್ಯ ಉತ್ತರ ಭಾರತದ ಹದದ್ದು, ಖಾರ ಕಡಿಮೆ. ಸುಟ್ಟ ಬದನೆ ಮಾತ್ರ ನಮ್ಮವರಿಗೆ ಒಪ್ಪುವ ರುಚಿ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಎರಡು ವಿಷಯ ಗಮನಿಸಬೇಕು. ಒಲೆಯ ಮೇಲೆ ಪನೀರು, ಜೋಳ ಸುಡುವ ಜಾಲರಿ ಮತ್ತು ಇಕ್ಕಳ ಮಾಂಸಕ್ಕೂ ಅದೇ ಇರಬಹುದು. ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಸಸ್ಯಾಹಾರಕ್ಕೆ ಬೇರೆ ಕೌಂಟರ್, ಬೇರೆ ಒಲೆ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಒಂದು ದಿನ ಮುಂಚೆ ತಿಳಿಸಿದರೆ ಬೇರೆ ಮಾಡಿಕೊಡುವ ಕ್ಯಾಂಪುಗಳಿವೆ, ಅಲ್ಲಿಗೆ ಹೋಗಿ ಹೇಳಿದರೆ ಆಗುವುದಿಲ್ಲ. ಮಾಂಸಾಹಾರಿಗಳು ಕೋಫ್ತಾ, ಕಬಾಬ್ ಕುರಿಯದಾ ದನದ್ದಾ ಅಂತ ಕೇಳಿ ಹಾಕಿಸಿಕೊಳ್ಳಿ. ಮಾಂಸ ಎಲ್ಲಾ ಹಲಾಲ್. ಸಾಲು ಉದ್ದವಾಗಿದ್ದರೆ ಮೊದಲ ಪಾಳಿಯಲ್ಲಿ ನಿಲ್ಲಬೇಡಿ, ಹದಿನೈದು ನಿಮಿಷ ತಡೆದು ಹೋದರೆ ಒಲೆಯಿಂದ ಆಗಷ್ಟೇ ತೆಗೆದದ್ದು ಸಿಗುತ್ತದೆ.

ಮದ್ಯ ಪ್ಯಾಕೇಜಿನಲ್ಲಿ ಸೇರಿರುವುದಿಲ್ಲ. ಪರವಾನಗಿ ಇರುವ ಕ್ಯಾಂಪಿನಲ್ಲಿ ಮಾತ್ರ, ಬೇರೆ ದುಡ್ಡಿಗೆ, 21 ವರ್ಷ ತುಂಬಿದವರಿಗೆ. ಕೆಲವು ಕ್ಯಾಂಪುಗಳು ಶಾರ್ಜಾ ಎಮಿರೇಟಿನ ಗಡಿಯೊಳಗೆ ಬರುತ್ತವೆ, ಅಲ್ಲಿ ಮದ್ಯ ಪೂರ್ತಿ ನಿಷೇಧ.

ಕುಣಿತದಲ್ಲಿ ತನೂರಾ ನೋಡಲೇಬೇಕು. ಈಜಿಪ್ಟಿನ ಕಲೆ, ಸೂಫಿಗಳ ಸುತ್ತು ಕುಣಿತದಿಂದ ಬಂದದ್ದು. ಕಲಾವಿದ ಹತ್ತು ಹದಿನೈದು ನಿಮಿಷ ಒಂದೇ ದಿಕ್ಕಿಗೆ ಸುತ್ತುತ್ತಲೇ ಇರುತ್ತಾನೆ, ದೀಪ ಹಚ್ಚಿದ ಭಾರದ ಲಂಗವನ್ನು ಸೊಂಟದಿಂದ ಬಿಡಿಸಿ ತಲೆಯ ಮೇಲಕ್ಕೆ ಎತ್ತಿ ತಿರುಗಿಸುತ್ತಾನೆ, ಒಂದು ಹೆಜ್ಜೆ ತಪ್ಪುವುದಿಲ್ಲ. ಬೆಂಕಿಯ ಆಟವೂ ಚೆನ್ನ. ಬೆಲ್ಲಿ ಡ್ಯಾನ್ಸ್ ಅಲ್ಲಿಯ ನೆಲದ ಪರಂಪರೆಯದಲ್ಲ, ಪ್ರವಾಸಿಗರಿಗಾಗಿ ಬಂದದ್ದು. ಮನೆಯ ಹಿರಿಯರ ಜೊತೆ ಕೂತು ನೋಡಲು ಮುಜುಗರ ಅನ್ನುವವರು ಆ ಹೊತ್ತಿಗೆ ಕ್ಯಾಂಪಿನ ಬೇಲಿಯ ಆಚೆ ಹೋಗಿ ನಕ್ಷತ್ರ ನೋಡಬಹುದು. ಎಮಿರೇಟಿನವರ ಸ್ವಂತದ್ದು ಅಂದರೆ ಅಲ್ ಅಯ್ಯಾಲಾ: ಬಿದಿರ ಕೋಲು ಹಿಡಿದು ಎರಡು ಸಾಲಿನಲ್ಲಿ ಎದುರುಬದುರು ನಿಂತು ಮಾಡುವ ಕುಣಿತ. 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಇಷ್ಟೊಳ್ಳೆಯ ಕಲೆ ಮಾಮೂಲಿ ಕ್ಯಾಂಪಿನಲ್ಲಿ ಅಪರೂಪವಾಗಿರುವುದು ಈ ಸಫಾರಿಗಳ ನಿಜವಾದ ಕೊರತೆ. ರಂಜಾನ್ ತಿಂಗಳಲ್ಲಿ ಬೆಲ್ಲಿ ಡ್ಯಾನ್ಸ್, ಜೋರು ಸಂಗೀತ ಸಾಮಾನ್ಯವಾಗಿ ಇರುವುದಿಲ್ಲ. ರಂಜಾನ್ ಪ್ರತಿವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತದೆ, ತಾರೀಖು ನೋಡಿಕೊಂಡೇ ಟಿಕೆಟ್ ಮಾಡಿಸಿ.

ಊರಿಂದ ಹೊರಡುವಾಗ

ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ರಾತ್ರಿ ಬಸ್ಸಿನಲ್ಲಿ ಹೊರಟು, ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಕಾದು, ನಾಲ್ಕು ಗಂಟೆ ಹಾರಿ, ಇಳಿದ ದಿನವೇ ಸಂಜೆ ಸಫಾರಿ ಇಟ್ಟಿರುವ ಪ್ಯಾಕೇಜುಗಳಿವೆ. ಬೇಡವೇ ಬೇಡ. ನಿದ್ದೆಗೆಟ್ಟ ಮೈಗೆ ವಾಕರಿಕೆ ಎರಡು ಪಟ್ಟು. ಎರಡನೇ ಅಥವಾ ಮೂರನೇ ದಿನಕ್ಕೆ ಹಾಕಿಸಿಕೊಳ್ಳಿ.

ತಿಂಗಳು ಯಾವುದು ಅನ್ನುವುದೂ ಮುಖ್ಯ. ನವೆಂಬರಿನಿಂದ ಮಾರ್ಚ್ ಒಳ್ಳೆಯದು. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಮರಳು ಬೇಗ ತಣ್ಣಗಾಗಿ ಚಳಿ 15 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಸ್ವೆಟರ್ ಬೇಕೇ ಬೇಕು. ಶಾಲೆಗೆ ರಜೆ ಅಂತ ಮೇ ತಿಂಗಳಲ್ಲಿ ಹೋಗುವವರು "ಚಳ್ಳಕೆರೆ, ಹಿರಿಯೂರಿನ ಬಿಸಿಲು ಕಂಡವರು ನಾವು" ಅಂದುಕೊಳ್ಳಬಾರದು. ಮೇ ಕೊನೆಗೆ ಅಲ್ಲಿ 40 ಮುಟ್ಟುತ್ತದೆ, ಕಡಲ ತೇವವೂ ಸೇರುವುದರಿಂದ ಬೆವರು ಆರುವುದಿಲ್ಲ. ಅಕ್ಟೋಬರಿನ ದಸರಾ ರಜೆ ಪರವಾಗಿಲ್ಲ, ಮೇ ರಜೆಗಿಂತ ಎಷ್ಟೋ ಮೇಲು.

ಚೀಲ ಕಟ್ಟುವಾಗ ಗಸಗಸೆ ಬಿಟ್ಟೇ ಹೋಗಬೇಕು. ಯುಎಇಯಲ್ಲಿ ಅದು ನಿಷೇಧಿತ ವಸ್ತು, ಮಸಾಲೆ ಪುಡಿಯಲ್ಲಿ ಇದ್ದರೂ, ಅಂಟಿನುಂಡೆಯಲ್ಲಿ ಇದ್ದರೂ ತೊಂದರೆಯೇ. ಎಲೆ ಅಡಿಕೆಯದೂ ಅದೇ ಕಥೆ: ವೀಳ್ಯದೆಲೆ, ಪಾನ್ ಸಾಮಗ್ರಿ ಕಸ್ಟಮ್ಸ್‌ನವರ ನಿಷೇಧದ ಪಟ್ಟಿಯಲ್ಲಿವೆ. ಚನ್ನಗಿರಿ ಕಡೆಯ ಹಿರಿಯರಿಗೆ ಇದನ್ನು ಮನೆಯಲ್ಲೇ ಬಿಡಿಸಿ ಹೇಳಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ತರಹದ ನೋವಿನ ಮಾತ್ರೆಗಳಿಗೆ ಅಲ್ಲಿ ಕಠಿಣ ನಿಯಮ ಇದೆ. ದಿನಾ ತೆಗೆದುಕೊಳ್ಳುವ ಔಷಧಿಗಳ ಜೊತೆ ವೈದ್ಯರ ಚೀಟಿ ಇಟ್ಟುಕೊಳ್ಳಿ. ಕ್ಯಾಂಪಿನ ಸಣ್ಣಪುಟ್ಟ ಖರ್ಚಿಗೆ ಐದು ಹತ್ತರ ದಿರ್ಹಮ್ ನೋಟುಗಳು ಬೇಕು.

ಪಾಸ್‌ಪೋರ್ಟ್ ಇನ್ನೂ ಆಗಿಲ್ಲ, ಅಥವಾ ಅಷ್ಟು ಖರ್ಚು ಬೇಡ ಅನ್ನುವವರಿಗೆ ಜೈಸಲ್ಮೇರಿನಿಂದ 40 ಕಿಲೋಮೀಟರ್ ದೂರದ ಸಮ್ ಮರಳು ದಿಬ್ಬಗಳಿವೆ. ಬೆಂಗಳೂರು-ಜೋಧಪುರ ರೈಲು ದಾವಣಗೆರೆ ಮೇಲೇ ಹೋಗುತ್ತದೆ, ಜೋಧಪುರದಿಂದ ಮುಂದೆ ರೈಲೂ ಇದೆ, ರಸ್ತೆಯೂ ಇದೆ. ದಿಬ್ಬಗಳು ಲಹಬಾಬಿನಷ್ಟು ಎತ್ತರ ಇಲ್ಲ, ಬಣ್ಣವೂ ತಿಳಿ. ಆದರೆ ಒಂಟೆ ಸವಾರಿ ಅಲ್ಲಿ ಉದ್ದ, ಊಟ ದಾಲ್ ಬಾಟಿ ಚೂರ್ಮಾ, ಕೇರ್ ಸಾಂಗ್ರಿ ಪಲ್ಯ, ಪೂರ್ತಿ ಸಸ್ಯಾಹಾರದ ಕ್ಯಾಂಪುಗಳೂ ಸಿಗುತ್ತವೆ. ಕುಣಿತ ಆ ನೆಲದ್ದೇ ಆದ ಕಾಲ್ಬೇಲಿಯಾ. ಊಟ, ಹಾಡು ಎರಡರಲ್ಲೂ ಸಮ್ ಮುಂದೆ, ಗಾಡಿಯ ವಿಷಯದಲ್ಲಿ ಮಾತ್ರ ಹಿಂದೆ. ಅಲ್ಲಿ ತೆರೆದ ಜೀಪಿನ ಹಿಂಭಾಗದಲ್ಲಿ ಕಂಬಿ ಹಿಡಿದು ನಿಲ್ಲಿಸಿಕೊಂಡು ಓಡಿಸುತ್ತಾರೆ, ಬೆಲ್ಟ್ ಇರುವುದಿಲ್ಲ. ನಿಂತು ಹೋಗಲು ಒಪ್ಪಬೇಡಿ. ಡ್ರೈವರ್ ಪಕ್ಕದ ಸೀಟು, ಅದಕ್ಕೊಂದು ಬೆಲ್ಟ್ ಇದ್ದರೆ ಹತ್ತಿ, ಇಲ್ಲದಿದ್ದರೆ ಒಂಟೆಯ ಮೇಲೆ ಇನ್ನೊಂದು ಸುತ್ತು ಹೋಗಿ.